ಗಟ್ಟಿಗಿತ್ತಿ ಇಲ್ಲದ ಹಡಗು

ನನ್ನ ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಗಿದ್ದೂ, ಆಕಾಶದಲ್ಲಿ ದಾರಿ ತಪ್ಪಿದ ಹಡಗಿನ ಆ ಇಂಗ್ಲಿಷ್ ಸೀರಿಯಲ್ಲನ್ನು ಅವಳಷ್ಟು ಮನಸ್ಸಿಟ್ಟು ನೋಡಿದವರು ವಿಲೆ ಪಾರ್ಲೆಯಲ್ಲಿ ಇನ್ನೊಬ್ಬರು ಇದ್ದಿರಲಾರರು. ಅದರ ಎರಡನೆಯ ಸರಣಿ ಶುರುವಾದ ಸಂಜೆಯ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಸೀರಿಯಲ್ಲಿನ ಮಾತು ಹೇಗೋ ಅತ್ತೆಯ ಮಾತಿಗೆ ಹೊರಳಿಬಿಡುತ್ತದೆ. ಎರಡನ್ನೂ ಬಿಡಿಸಿ ಹೇಳಲು ನನಗೆ ಇವತ್ತಿಗೂ ಬಂದಿಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ. ಉಡುಪಿಯ ಹತ್ತಿರ, ಇನ್ನೂ ಹುಡುಗಿಯಾಗಿದ್ದಾಗಲೇ ಅವಳ ಮದುವೆ ಆಗಿತ್ತು. ಗಂಡ ಮದ್ರಾಸಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವನು. ಮಳೆಗಾಲ ಮುಗಿದ ಮೇಲೆ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ. ಮಾವನ ಮನೆಯವರು ಕೆಲವು ಕಾಲ ಇಟ್ಟುಕೊಂಡಿದ್ದು ಆಮೇಲೆ ತವರಿಗೆ ಕಳಿಸಿದರು. ತವರಿನಲ್ಲಿ ಅಜ್ಜಿ ತೀರಿಕೊಂಡ ಮೇಲೆ ಅಪ್ಪ ಹೋಗಿ ಅವಳನ್ನು ಪಾರ್ಲೆಗೆ ಕರೆದುಕೊಂಡು ಬಂದರು. ಅಪ್ಪ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ ಅದು. ರೇಡಿಯೋದಲ್ಲಿ ಸುದ್ದಿ ಬಂದಾಗ ನಾನು ಕುಣಿಯುತ್ತ ಅಡುಗೆಮನೆಗೆ ಓಡಿದೆ. ಅತ್ತೆ ಸೌಟು ಹಿಡಿದುಕೊಂಡೇ ಕೇಳಿದಳು:

“ಇಳಿದದ್ದು ಸರಿ. ತಿರುಗಿ ಬರ್ಲಿಕ್ಕೆ ದಾರಿ ಉಂಟಾ ಅವರಿಗೆ?”

ಮನೆಯಲ್ಲಿ ಅವಳ ಗಂಡನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಸತ್ತ ಎಂದೂ ಹೇಳುತ್ತಿರಲಿಲ್ಲ, ಇದ್ದಾನೆ ಎಂದೂ ಹೇಳುತ್ತಿರಲಿಲ್ಲ. ಅತ್ತೆ ಮಾತ್ರ ಬೆಳಿಗ್ಗೆ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಕರಿಮಣಿಯನ್ನು ಕಣ್ಣಿಗೊತ್ತಿಕೊಂಡು ಸ್ಟೋವ್ ಹಚ್ಚುತ್ತಿದ್ದಳು. ಚಿಕ್ಕವಳಾದ ನನಗೆ ಅದು ಹಲ್ಲುಜ್ಜಿದಷ್ಟೇ ಸಹಜವಾಗಿ ಕಾಣುತ್ತಿತ್ತು.

ನಮ್ಮ ಬಿಲ್ಡಿಂಗಿಗೆ ಮೊದಲು ಟಿ.ವಿ. ತಂದದ್ದು ಎದುರು ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದವಳು. ಆಗ ನಾನು ಕಾಲೇಜಿಗೆ ಸೇರಿದ್ದೆ. ಮರದ ಬಾಗಿಲಿನ ದೊಡ್ಡ ಪೆಟ್ಟಿಗೆ ಅದು; ಕಪ್ಪು ಬಿಳುಪು. ಸಂಜೆಯಾದರೆ ಕಾಕುವಿನ ಹಾಲ್ ತುಂಬ ಚಪ್ಪಲಿ ಬಿಟ್ಟು ಬಂದ ಜನ. ವಿಮಾನ ತಲೆಯ ಮೇಲೆ ಹಾದಾಗಲೆಲ್ಲ ಚಿತ್ರ ಗಡಗಡ ನಡುಗಿ ಮೇಲಕ್ಕೆ ಓಡುತ್ತಿತ್ತು. ಅತ್ತೆಗೆ ಮೊದಮೊದಲು ಹೋಗಲು ಸಂಕೋಚ. ಕಾಕುವೇ ಒಂದು ದಿನ ಕೈ ಹಿಡಿದು ಎಳೆದುಕೊಂಡು ಹೋಗಿ, “ಯಾ, ಬಸಾ”, ಬನ್ನಿ ಕೂತುಕೊಳ್ಳಿ, ಎಂದು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಅವತ್ತು ಶನಿವಾರ. ಆ ಸೀರಿಯಲ್ಲಿನ ಮೊದಲನೆಯ ಸರಣಿ ಆಗಷ್ಟೇ ಶುರುವಾಗಿತ್ತು.

ಕಥೆ ಹೀಗಿತ್ತು. ಭೂಮಿಯಿಂದ ಹೊರಟ ಹಡಗೊಂದು ನಕ್ಷತ್ರಗಳ ನಡುವೆ ದಾರಿ ತಪ್ಪುತ್ತದೆ. ವಾರಕ್ಕೊಂದು ಗ್ರಹ, ವಾರಕ್ಕೊಂದು ಅಪಾಯ. ಮನೆಯ ದಾರಿ ಮಾತ್ರ ಸಿಗುವುದಿಲ್ಲ. ನಾನು ಅತ್ತೆಯ ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಪಿಸುಗುಟ್ಟುತ್ತಿದ್ದೆ. ಆಗಿನ ನನ್ನ ಕನ್ನಡವೂ ಅಷ್ಟಕ್ಕಷ್ಟೆ. ಬಿಲ್ಡಿಂಗಿನಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್, ಲೋಕಲ್ ಟ್ರೇನಿನಲ್ಲಿ ಹಿಂದಿ. ಫಿಸಿಕ್ಸ್ ಓದುತ್ತಿದ್ದ ನನಗೆ ಜ್ಯೋತಿರ್ವರ್ಷ ಎನ್ನುವ ಪದವೇ ಗೊತ್ತಿರಲಿಲ್ಲ.

“ಅತ್ತೆ, ಲೈಟ್ ಒಂದು ವರ್ಷ ಹೋದ್ರೆ ಎಷ್ಟು ದೂರ ಆಗ್ತದೋ, ಅಷ್ಟು ದೂರ.”

“ಬೆಳಕು ನಡಿತದಾ?”

“ಓಡ್ತದೆ.”

“ಹಾಗಾದ್ರೆ ಅಲ್ಲಿಂದ ಇವರು ಊರಿಗೆ ಒಂದು ಮಾತು ಹೇಳಿ ಕಳಿಸಿದ್ರೆ?”

“ತಲುಪುವಾಗ ಕೇಳುವವರು ಮುದುಕರಾಗಿರ್ತಾರೆ.”

“ಆದ್ರೂ ತಲುಪ್ತದೆ ಅಲ್ವಾ” ಎಂದಳು ಅತ್ತೆ.

ಹಡಗಿನವರಿಗೆಲ್ಲ ಅವಳು ತನ್ನದೇ ಹೆಸರುಗಳನ್ನು ಇಟ್ಟಿದ್ದಳು. ಕ್ಯಾಪ್ಟನ್ ಯಜಮಾನ. ಡಾಕ್ಟರ್ ಪಂಡಿತ. ದಾರಿ ನೋಡುವ ಹುಡುಗ ಪೋಕ್ರಿ. ಇಂಜಿನ್ ಕೋಣೆಯಲ್ಲಿ ಒಬ್ಬಳು ಹೆಂಗಸಿದ್ದಳು, ಉದ್ದ ಮುಖದವಳು, ಹೆಚ್ಚು ನಗದವಳು. ಉಳಿದವರು ಮೇಲೆ ದೊಡ್ಡ ಕಿಟಕಿಯ ಎದುರು ಕೂತು ನಕ್ಷತ್ರ ನೋಡುವಾಗ ಇವಳು ಕೆಳಗೆ ಅಂಗಿಯ ತೋಳು ಮಡಚಿಕೊಂಡು ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿರುತ್ತಿದ್ದಳು. ಅವಳು ಅತ್ತೆಯ ಗಟ್ಟಿಗಿತ್ತಿ.

“ಅವಳದ್ದು ನಮ್ಮ ಅಡುಗೆಮನೆ ಇದ್ದ ಹಾಗೆ ಮಗಾ. ಅದು ನಡಿತಾ ಇರುವಷ್ಟು ದಿನ ಯಾರೂ ಬಗ್ಗಿ ನೋಡುದಿಲ್ಲ.”

ಆ ವರ್ಷಪೂರ್ತಿ ನಮಗೆ ಶನಿವಾರ ಎನ್ನುವುದು ಹಬ್ಬ. ಅಮ್ಮ, “ನಿಮ್ಮಿಬ್ಬರಿಗೂ ಹುಚ್ಚು” ಎನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ತೆಂಗಿನಕಾಯಿ ತುರಿಯುತ್ತ ನಾವು ಹಿಂದಿನ ದಿನದ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿಕೊಳ್ಳುತ್ತಿದ್ದೆವು. ಅತ್ತೆಯ ಬಾಯಲ್ಲಿ ಅದು ಇನ್ನೂ ಚೆನ್ನಾಗಿರುತ್ತಿತ್ತು. ಅವಳ ಹಡಗಿನಲ್ಲಿ ಯಾರೂ ಹಸಿದಿರುತ್ತಿರಲಿಲ್ಲ. ಗ್ರಹಕ್ಕೆ ಇಳಿಯುವ ಮೊದಲು ಗಟ್ಟಿಗಿತ್ತಿ ಎಲ್ಲರಿಗೂ ಗಂಜಿ ಬಡಿಸಿ ಕಳಿಸುತ್ತಿದ್ದಳು.

ಮೊದಲನೆಯ ಸರಣಿಯ ಕೊನೆಯ ಶನಿವಾರ ಹಡಗು ಮಂಜಿನ ಚಂದ್ರನೊಂದರ ಮೇಲೆ ಸಿಕ್ಕಿಕೊಂಡಿತು. ಯಂತ್ರ ಚಾಲೂ ಆಗಬೇಕಾದರೆ ಹೊರಗಿನಿಂದ ಒಂದು ಸನ್ನೆಗೋಲು ಎಳೆದು ಹಿಡಿದಿರಬೇಕು. ಹಿಡಿದವರಿಗೆ ಒಳಗೆ ಬರಲಾಗುವುದಿಲ್ಲ. ಗಟ್ಟಿಗಿತ್ತಿ ಯಾರಿಗೂ ಹೇಳದೆ ಹೊರಗೆ ಹೋದಳು. ಹಡಗು ಮೇಲಕ್ಕೆದ್ದಿತು. ಕೆಳಗೆ ಬಿಳಿಯ ಬಯಲಿನಲ್ಲಿ ಅವಳ ಕೈಯ ದೀಪ ಒಂದು ಚುಕ್ಕಿಯಾಗಿ ಆಡುತ್ತಿತ್ತು. ಯಜಮಾನ ಕಿಟಕಿಗೆ ಅಂಗೈ ಒತ್ತಿ ಏನೋ ಹೇಳಿದ.

“ಎಂತ ಹೇಳಿದ? ಎಂತ ಹೇಳಿದ?” ಅತ್ತೆ ನನ್ನ ಮೊಣಕೈ ಹಿಂಡಿದಳು.

“ನಾವು ತಿರುಗಿ ಬರ್ತೇವೆ ಅಂದ.”

ಆಮೇಲೆ ಪರದೆಯ ಮೇಲೆ ಹೆಸರುಗಳು. ಸೀರಿಯಲ್ ಸದ್ಯಕ್ಕೆ ಮುಗಿಯಿತು, ಮುಂದಿನ ಸರಣಿ ಬಂದಾಗ ತೋರಿಸುತ್ತೇವೆ ಎಂದು ಅನೌನ್ಸರ್ ಹೇಳಿದಳು.

ಮುಂದಿನ ತಿಂಗಳುಗಳಲ್ಲಿ ಅತ್ತೆ ಆ ಮಂಜಿನ ಚಂದ್ರನನ್ನು ಮರೆಯಲಿಲ್ಲ. ಚಳಿಗೆ ಅವಳು ಏನು ಹೊದ್ದಿರಬಹುದು? ಗಾಳಿಯ ಡಬ್ಬಿ ಎಷ್ಟು ದಿನ ಬಂದೀತು? ನಾನು ಫಿಸಿಕ್ಸಿನ ಬುದ್ಧಿ ಉಪಯೋಗಿಸಿ ಉತ್ತರ ಹುಡುಕುತ್ತಿದ್ದೆ. ಮಂಜನ್ನು ಒಡೆದು ಗಾಳಿ ಮಾಡಬಹುದು ಅತ್ತೆ, ಅದರಲ್ಲಿ ಆಕ್ಸಿಜನ್ ಇದೆ. ಹೌದಾ, ಹಾಗಾದ್ರೆ ಮಾಡಿಕೊಂಡಾಳು, ಕೈ ಓಡ್ತದೆ ಅವಳಿಗೆ, ಎನ್ನುತ್ತಿದ್ದಳು. ಯಜಮಾನ ತಿರುಗಿ ಬರುತ್ತಾನೆಯೇ ಎಂದು ಮಾತ್ರ ಅವಳು ಒಂದು ದಿನವೂ ಕೇಳಲಿಲ್ಲ. ಅದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ.

ಹೊಸ ಸರಣಿ ಬರುವ ಸುದ್ದಿ ಪೇಪರಿನಲ್ಲಿ ಬಂತು. ಕಾಕು ಬಾಗಿಲಿಗೇ ಬಂದು ಹೇಳಿದಳು. ಆ ಶನಿವಾರ ಅತ್ತೆ ಮಧ್ಯಾಹ್ನವೇ ರಾತ್ರಿಯ ಸಾರು ಮಾಡಿಟ್ಟು, ಚಕ್ಕುಲಿ ಕರಿದು ಡಬ್ಬಿ ತುಂಬಿಸಿ, ಒಳ್ಳೆಯ ಸೀರೆ ಉಟ್ಟಳು. ತಲೆಗೆ ಮಲ್ಲಿಗೆ ಮುಡಿದಳು. ಕಾಕು ನೋಡಿ ನಕ್ಕು, ಯಾರ ಮದುವೆ ಎಂದು ಕೇಳಿದಳು. ಅತ್ತೆ ತನ್ನ ಅರೆಬರೆ ಹಿಂದಿಯಲ್ಲಿ, “ಆಜ್ ವೋ ವಾಪಸ್ ಆಯೇಗಿ” ಎಂದಳು, ಇವತ್ತು ಅವಳು ತಿರುಗಿ ಬರುತ್ತಾಳೆ ಎಂದು.

ಸೀರಿಯಲ್ ಶುರುವಾಯಿತು. ಸಂಗೀತವೇ ಬೇರೆಯಾಗಿತ್ತು, ತುತ್ತೂರಿ ಜಾಸ್ತಿ. ಹಡಗನ್ನು ತೊಳೆದು ಹೊಸದು ಮಾಡಿದ್ದರು. ಯಜಮಾನ ಮೀಸೆ ಬಿಟ್ಟಿದ್ದ. ಎಲ್ಲರ ಅಂಗಿಯ ಮೇಲೂ ಹೊಸ ಪಟ್ಟಿ. ನಾನು ಅಭಿಮಾನಿ; ಇದೆಲ್ಲವನ್ನೂ ಒಪ್ಪಿಕೊಳ್ಳಲು ತಯಾರಾಗಿಯೇ ಕೂತಿದ್ದೆ. ಮೊದಲ ಹತ್ತು ನಿಮಿಷ ಯಾವುದೋ ಕಲ್ಲಿನ ಜನರ ಜೊತೆ ಜಗಳ. ಇರಲಿ, ಆಮೇಲೆ ಮಂಜಿನ ಚಂದ್ರನಿಗೆ ಹೋಗುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಇಂಜಿನ್ ಕೋಣೆ ತೋರಿಸಿದರು. ಗಟ್ಟಿಗಿತ್ತಿಯ ಜಾಗದಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಹೊಂಬಣ್ಣದ ಕೂದಲಿರಬೇಕು, ಕಪ್ಪು ಬಿಳುಪಿನಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಪೋಕ್ರಿ ಅವಳಿಗೆ ಏನೋ ತಮಾಷೆ ಹೇಳಿದ. ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು.

“ಇವಳು ಯಾರು?” ಅತ್ತೆ ಕೇಳಿದಳು.

“ಹೊಸಬಳು. ಇರು ಅತ್ತೆ, ಹೇಳ್ತಾರೆ.”

ಹೇಳಲಿಲ್ಲ. ಯಜಮಾನ ಹೊಸಬಳನ್ನು ಮೊದಲಿನಿಂದ ಗೊತ್ತಿದ್ದವಳಂತೆ ಮಾತಾಡಿಸಿದ. ಪಂಡಿತ ಅವಳ ಕೈಯಿಂದ ಕಾಫಿ ತೆಗೆದುಕೊಂಡು ಕುಡಿದ. ಆ ಚಂದ್ರನ ಮಾತಿಲ್ಲ, ದೀಪದ ಮಾತಿಲ್ಲ.

“ಕೇಳುದಿಲ್ವಾ ಯಾರೂ? ಆ ಪೋಕ್ರಿಯಾದ್ರೂ? ಅವನ ಜೀವ ಎಷ್ಟು ಸಲ ಉಳಿಸಿದ್ದಾಳೆ ಅವಳು!”

ಅವಳ ದನಿ ಎತ್ತರವಾಗಿತ್ತು. ಮುಂದೆ ಕೂತಿದ್ದ ಮಕ್ಕಳು ತಿರುಗಿ ನೋಡಿದರು. ಕಾಕು ಸನ್ನೆ ಮಾಡಿ ಏನಾಯಿತೆಂದು ಕೇಳಿದಳು. ಅತ್ತೆ ಇನ್ನೂ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು, ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು.

ನಾನು ಪೂರ್ತಿ ನೋಡಿದೆ. ಕೊನೆಯ ನಿಮಿಷದಲ್ಲಿ ಹೇಳಬಹುದು ಎಂಬ ಆಸೆ. ಈಗ ನನಗೆ ವಯಸ್ಸಾಗಿದೆ. ಇಂಥವು ಹೇಗೆ ನಡೆಯುತ್ತವೆ ಎಂದು ಊಹಿಸಬಲ್ಲೆ. ಆ ನಟಿಗೆ ಬೇರೆ ಕೆಲಸ ಸಿಕ್ಕಿರಬಹುದು, ಕಾಯಿಲೆಯಾಗಿರಬಹುದು, ಹೆಚ್ಚು ನಗುವವಳು ಬೇಕೆಂದು ಯಾವನೋ ಆಫೀಸಿನಲ್ಲಿ ಕೂತವನು ಹೇಳಿರಬಹುದು. ಅದಕ್ಕೆ ನನ್ನ ತಕರಾರಿಲ್ಲ. ಅವಳು ಸತ್ತಳು ಎಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆವು. ಹುಡುಕಿದೆವು, ಸಿಗಲಿಲ್ಲ ಎಂದಿದ್ದರೂ ಸಾಕಿತ್ತು. ಒಂದು ವಾಕ್ಯ. ಅದನ್ನೂ ಹೇಳದೆ, ಅವಳು ಇದ್ದದ್ದೇ ಸುಳ್ಳು ಎನ್ನುವಂತೆ ನಗುತ್ತ ಮುಂದೆ ಹೋದದ್ದನ್ನು ಮಾತ್ರ ನಾನು ಇಷ್ಟು ವರ್ಷವಾದರೂ ಕ್ಷಮಿಸಿಲ್ಲ.

ಮನೆಗೆ ಬಂದಾಗ ಅತ್ತೆ ತಟ್ಟೆ ಹಾಕುತ್ತಿದ್ದಳು. ತಲೆಯ ಮಲ್ಲಿಗೆ ತೆಗೆದಿದ್ದಳು. ಮುಂದೆ ಏನಾಯಿತೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಹೋಟೆಲಿಗೆ ಹೊರಡುವ ಮೊದಲು ಕಾಫಿಗೆ ಕೂತಿದ್ದರು. ಅತ್ತೆ ಲೋಟ ತಂದು ಇಟ್ಟಳು. ಮೊದಲು ನೋಡಿದ್ದು ಅಮ್ಮ.

“ಕುತ್ತಿಗೆ ಯಾಕೆ ಬರಿದು? ಕರಿಮಣಿ ಎಲ್ಲಿ?”

“ತೆಗ್ದು ದೇವರ ಹತ್ರ ಇಟ್ಟೆ ಅತ್ತಿಗೆ.”

ಅಪ್ಪ ಲೋಟ ಕೆಳಗಿಟ್ಟರು. “ಹುಚ್ಚು ಹಿಡಿದಿದ್ಯಾ ನಿಂಗೆ? ಅವ ಸತ್ತಿದ್ದಾನೆ ಅಂತ ಯಾರು ಹೇಳಿದ್ರು?”

“ಇದ್ದಾನೆ ಅಂತ ಯಾರು ಹೇಳಿದ್ರು ಅಣ್ಣ?”

“ಅಪಶಕುನದ ಮಾತಾಡ್ಬೇಡ. ಹೋಗಿ ಹಾಕ್ಕೋ.”

“ಇಲ್ಲ. ಈ ಮನೆಯಲ್ಲಿ ಅವನ ಮಾತು ಒಂದು ದಿನ ಯಾರೂ ಆಡ್ಲಿಲ್ಲ. ಇದ್ದಾನಾ ಸತ್ನಾ ಕೇಳ್ಲಿಲ್ಲ. ಕೇಳುವವರೇ ಇಲ್ಲದ್ದನ್ನು ನಾನೊಬ್ಬಳು ಯಾಕೆ ಕಟ್ಟಿಕೊಂಡು ತಿರುಗ್ಬೇಕು?”

ಅಪ್ಪನಿಗೆ ಸಿಟ್ಟು ಬರುವುದು ಅಪರೂಪ. ಅವತ್ತು ಬಂತು, ಸಿಟ್ಟಿನ ಜೊತೆಗೆ ಬಾಯಿಗೆ ಬಾರದೆ ಇದ್ದ ಮಾತೂ ಬಂತು.

“ಇದ್ದಾನೆ ಮಾರಾಯ್ತಿ. ನಂಗೆ ಗೊತ್ತುಂಟು. ಕೊಯಮತ್ತೂರಲ್ಲಿದ್ದಾನೆ.”

ಅತ್ತೆ ನಿಂತಲ್ಲಿಂದ ಕದಲಲಿಲ್ಲ. ಅಪ್ಪ ಇನ್ನು ನಿಲ್ಲಿಸುವ ಹಾಗಿರಲಿಲ್ಲ. ತಲೆ ತಗ್ಗಿಸಿಕೊಂಡು ಹೇಳಿದರು. ನಮ್ಮ ಕಡೆಯ ಹೋಟೆಲಿನವರು ಇಲ್ಲದ ಊರಿಲ್ಲ. ಒಬ್ಬರು ಇನ್ನೊಬ್ಬರನ್ನು ನೋಡಿಯೇ ನೋಡುತ್ತಾರೆ. ಕೊಯಮತ್ತೂರಿನಲ್ಲಿ ಕೆಲಸ ಮಾಡಿ ಬಂದ ಅಡುಗೆಭಟ್ಟರೊಬ್ಬರು ಅವನನ್ನು ಅಲ್ಲಿ ಕಂಡಿದ್ದರು. ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ.

“ಯಾವಾಗ ಗೊತ್ತಾದದ್ದು?”

“ನಿನ್ನನ್ನು ಊರಿಂದ ಕರ್ಕೊಂಡು ಬರುವ ಮೊದ್ಲೇ.”

“ಅತ್ತಿಗೆಗೂ ಗೊತ್ತಿತ್ತಾ?”

ಅಮ್ಮ ಸ್ಟೋವಿನ ಕಡೆ ತಿರುಗಿ, ಆರದ ಬೆಂಕಿಯನ್ನು ಮತ್ತೆ ಪಂಪ್ ಮಾಡಿದರು.

“ನಿಂಗೆ ನೋವಾಗ್ತದೆ ಅಂತ…” ಅಪ್ಪ ಶುರುಮಾಡಿದರು.

“ನಾನು ದಿನಾ ಕುಂಕುಮ ಇಡುದು ನೋಡ್ತಾ ಇದ್ರಿ ನೀವು” ಎಂದಳು ಅತ್ತೆ. ಅಷ್ಟೇ. ಅಪ್ಪನ ತಣ್ಣಗಾದ ಕಾಫಿಯನ್ನು ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದಿಟ್ಟಳು. ಅಪ್ಪ ಅದನ್ನು ಕುಡಿಯಲಾರದೆ ಚಪ್ಪಲಿ ಮೆಟ್ಟಿ ಹೋದರು.

ಆಮೇಲೆ ಅವಳು ನಮ್ಮ ಮನೆಯಲ್ಲಿ ಹೆಚ್ಚು ದಿನ ಇರಲಿಲ್ಲ. ಮಲಾಡಿನಲ್ಲಿ ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲೊಂದಿತ್ತು. ಅಲ್ಲಿಯ ಅಡುಗೆಯವಳು ಮಂಗಳೂರು ಕಡೆಯವಳು, ಅತ್ತೆಗೆ ದೇವಸ್ಥಾನದಲ್ಲಿ ಪರಿಚಯವಾದವಳು, ಊರಿಗೆ ಹೊರಟಿದ್ದಳು. ಅವಳ ಜಾಗಕ್ಕೆ ಅತ್ತೆ ಹೋದಳು. ಹೋಗುವ ದಿನ ಬೆಳಿಗ್ಗೆ ಇಡೀ ಮನೆಗೆ ಅಡುಗೆ ಮಾಡಿ ಮುಚ್ಚಿಟ್ಟಿದ್ದಳು. ಟ್ರಂಕನ್ನು ಸ್ಟೇಷನ್ನಿನವರೆಗೆ ನಾನೇ ಒಂದು ಕಡೆ ಹಿಡಿದುಕೊಂಡು ಹೋದೆ. ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತು, “ಓದು ಬಿಡ್ಬೇಡ ಮಗಾ” ಎಂದಳು. ಟ್ರೇನು ಹೊರಟಿತು.

ಬಿಲ್ಡಿಂಗಿನವರಿಗೆ ಅಮ್ಮ ಅತ್ತೆ ಊರಿಗೆ ಹೋಗಿದ್ದಾಳೆಂದು ಹೇಳಿದರು. ಮನೆಯ ಹೆಣ್ಣುಮಗಳು ಪರರ ಅಡುಗೆಗೆ ಹೋದಳೆಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ನಾಲ್ಕಾರು ಸ್ಟೇಷನ್ ಆಚೆ ಇದ್ದವಳು ಹೀಗೆ ಊರಿನವಳಾದಳು. ಒಂದೆರಡು ಶನಿವಾರ ನಾನು ಕಾಕುವಿನ ಮನೆಗೆ ಹೋಗಿ ಕೂತೆ. ಕಾಕು ಪಕ್ಕದ ಜಾಗ ತಟ್ಟಿ, “ಆತ್ಯಾ ಕಧೀ ಯೇಣಾರ?” ಎಂದು ಕೇಳುತ್ತಿದ್ದಳು, ಅತ್ತೆ ಯಾವಾಗ ಬರುತ್ತಾಳೆ ಎಂದು. ಪರದೆಯ ಮೇಲೆ ಹೊಸ ಹುಡುಗಿ ನಗುತ್ತಿದ್ದಳು. ಪಾಪ, ಅವಳೂ ಕೆಟ್ಟವಳಲ್ಲ. ಕಥೆಗಳೂ ಮೊದಲಿಗಿಂತ ಚುರುಕಾಗಿದ್ದವು, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಯಾರ ಕಿವಿಗೂ ಹೇಳುವುದಕ್ಕಿಲ್ಲದ ಮೇಲೆ ಆ ಇಂಗ್ಲಿಷ್ ನನಗೂ ಅರ್ಥವಾಗುವುದು ನಿಂತುಹೋಯಿತು. ಹೋಗುವುದನ್ನು ಬಿಟ್ಟೆ.

ಮಲಾಡಿಗೆ ಮಾತ್ರ ಆಗಾಗ ಹೋಗುತ್ತಿದ್ದೆ. ಹಾಸ್ಟೆಲಿನ ಹುಡುಗಿಯರಿಗೆ ಅವಳು ಮೌಶಿ, ಅಂದರೆ ಚಿಕ್ಕಮ್ಮ, ಆಗಿದ್ದಳು. ಬರಿಯ ಕುತ್ತಿಗೆ, ಬರಿಯ ಹಣೆ, ಆದರೆ ಮುಖ ಸ್ವಲ್ಪ ತುಂಬಿಕೊಂಡಿತ್ತು. ಅಪ್ಪನೂ ಹೋಟೆಲಿಗೆ ರಜೆ ಇದ್ದ ದಿನ ಹೋಗುತ್ತಿದ್ದರು, ಒಂದು ಪೊಟ್ಟಣ ಗೋಳಿಬಜೆ ಕಟ್ಟಿಸಿಕೊಂಡು. ಅತ್ತೆ ಅವರನ್ನು ಬೆಂಚಿನ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದಳು. ಮಳೆ, ಲೋಕಲ್ಲಿನ ರಶ್ಶು, ನನ್ನ ಪರೀಕ್ಷೆ ಎಲ್ಲ ಮಾತಾಡುತ್ತಿದ್ದಳು. ಮನೆಗೆ ಬಂದು ಅಪ್ಪ ಶರ್ಟು ಬಿಚ್ಚುತ್ತ, “ಒಂದು ಸಲ ಬೈದುಬಿಟ್ರೆ ಸಾಕಿತ್ತು” ಎನ್ನುತ್ತಿದ್ದರು.

ನಾನು ಒಮ್ಮೆ ನೇರವಾಗಿ ಕೇಳಿದೆ. “ಅಪ್ಪನ ಮೇಲೆ ಅಷ್ಟು ಸಿಟ್ಟಾ ಅತ್ತೆ? ಮನೆಗೆ ಬಾ.”

ಅವಳು ಹಿಟ್ಟು ನಾದುತ್ತಿದ್ದಳು. “ಸಿಟ್ಟಿಲ್ಲ ಮಗಾ. ಸಿಟ್ಟಿದ್ದಿದ್ರೆ ಜಗಳಕ್ಕಾದ್ರೂ ಬರ್ತಿದ್ದೆ.”

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವಳಿಗೆ ಹೊಟ್ಟೆಯ ಕಾಯಿಲೆ ಬಂತು. ತಡವಾಗಿ ಗೊತ್ತಾಯಿತು. ಪರೇಲಿನ ಆಸ್ಪತ್ರೆಗೆ ಸೇರಿಸಿದೆವು. ಅಪ್ಪ ದಿನಾ ಹೋಟೆಲಿನಿಂದ ಮಧ್ಯಾಹ್ನ ಬಿಡುವು ಮಾಡಿಕೊಂಡು, ಡಬ್ಬಿಯಲ್ಲಿ ತೆಳ್ಳನೆಯ ಗಂಜಿ ಹಿಡಿದುಕೊಂಡು ಬರುತ್ತಿದ್ದರು. ಚಮಚದಲ್ಲಿ ಅವರೇ ಕುಡಿಸುತ್ತಿದ್ದರು. ಅಮ್ಮನೂ ಬಂದು ಕಾಲು ಒತ್ತುತ್ತಿದ್ದರು. ಅತ್ತೆ ಬೇಡ ಎನ್ನಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ಚಮಚ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, “ನಾನು ಆವತ್ತೇ ಹೇಳ್ಬೇಕಿತ್ತು” ಎಂದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಇಲ್ಲ ಅಣ್ಣ, ಬಿಡು ಅಣ್ಣ ಎಂದು ಅತ್ತೆ ಹೇಳುತ್ತಾಳೆಂದು ಕಾದೆ. ಅಪ್ಪನೂ ಅದಕ್ಕೇ ಕಾದಿರಬೇಕು.

“ಹೌದು ಅಣ್ಣ” ಎಂದಳು ಅತ್ತೆ. “ಹೇಳ್ಬೇಕಿತ್ತು.”

ಆಮೇಲೆ ಬಾಯಿ ತೆರೆದಳು. ಅಪ್ಪ ಗಂಜಿ ಕುಡಿಸಿದರು.

ಅದೇ ವಾರ ಅವಳು ತೀರಿಕೊಂಡಳು. ಎಲ್ಲ ಮುಗಿಸಿಕೊಂಡು ಅಪ್ಪ ಮತ್ತು ನಾನು ಪಾರ್ಲೆಗೆ ಬಂದು ಮೆಟ್ಟಿಲು ಹತ್ತುವಾಗ ಕಾಕು ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಬಟ್ಟೆ ನೋಡಿ, ಯಾರು ಹೋದರು ಎಂದು ಕೇಳಿದಳು. ನನ್ನ ತಂಗಿ ಎಂದರು ಅಪ್ಪ. ಊರಿನಲ್ಲಾ ಎಂದು ಕೇಳಿದಳು ಕಾಕು.

ಅಪ್ಪ ಮೆಟ್ಟಿಲಿನ ಕಟಾಂಜನ ಹಿಡಿದುಕೊಂಡು ನಿಂತರು. “ಇಲ್ಲ ಕಾಕು. ಅವಳು ಊರಿಗೆ ಹೋಗಿರಲೇ ಇಲ್ಲ. ಇಷ್ಟು ವರ್ಷವೂ ಮಲಾಡಿನಲ್ಲಿದ್ದಳು, ಹಾಸ್ಟೆಲಿನ ಅಡುಗೆ ಮಾಡಿಕೊಂಡು” ಎಂದು ಮರಾಠಿಯಲ್ಲಿ ಹೇಳಿದರು.

ಕಾಕು ಅವರ ಮುಖವನ್ನೇ ನೋಡಿದಳು. ಒಳಗೆ ಹೋಗಿ ಎರಡು ಲೋಟ ನೀರು ತಂದು ನಮ್ಮ ಕೈಗೆ ಕೊಟ್ಟು, ನಾವು ಕುಡಿದು ಮುಗಿಸುವವರೆಗೂ ಹೊಸ್ತಿಲಲ್ಲೇ ನಿಂತಿದ್ದಳು.